ಲಕ್ಷ್ಮೇಶ್ವರದಲ್ಲಿ ಉಳಿದಿದ್ದ ಕೊನೆಯ ಸಾಲು

ಸಂಜೆ ಆರೂವರೆಗೆ ಕರೆಂಟು ಹೋಯಿತು. ಆ ಕ್ಷಣ ನಾನು ನೋಡುತ್ತಿದ್ದದ್ದು ಬ್ಯಾಂಡ್ ಮಾಸ್ತರರ ಎಡಗೆನ್ನೆಯನ್ನು. ವರ್ಷಗಟ್ಟಲೆ ಕ್ಲಾರ್ನೆಟ್ ಊದಿ ಅವರ ಎಡಗೆನ್ನೆ ಬಲಗೆನ್ನೆಗಿಂತ ಸಡಿಲವಾಗಿತ್ತು. ಊದುವಾಗ ಅದೊಂದೇ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿತ್ತು, ಉಸಿರೆಳೆದಾಗ ಒಳಕ್ಕೆ ಕುಸಿಯುತ್ತಿತ್ತು. ದೀಪ ಹೋದ ಮೇಲೂ ಆ ಕೆನ್ನೆ ಉಬ್ಬಿ ಇಳಿಯುವುದು ನನಗೆ ಕಾಣುತ್ತಿತ್ತು ಎಂದೇ ನನ್ನ ನೆನಪು. ಕತ್ತಲಲ್ಲಿ ಹೇಗೆ ಕಂಡೀತು? ಆ ಸಂಜೆಯನ್ನು ಒಳಗೊಳಗೇ ಎಷ್ಟೋ ಸಲ ತಿರುಗಿ ನೋಡಿದ್ದೇನೆ. ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಬಂದು ಸೇರಿದ್ದು ಯಾವುದು ಎಂದು ಈಗ ಬಿಡಿಸಿ ಹೇಳಲಾರೆ.

ಅದು ನನ್ನ ಅಣ್ಣನ ಮದುವೆ. ಹೆಣ್ಣಿನ ಮನೆ ಲಕ್ಷ್ಮೇಶ್ವರ. ಬ್ಯಾಂಡು ಮಾತ್ರ ನಮ್ಮೂರಿನದು, ನಮ್ಮ ಎದುರು ಮನೆಯದು.

ಬೆಟಗೇರಿಯಲ್ಲಿ ನಮ್ಮ ಓಣಿ ಕಿರಿದು. ಒಂದು ತುದಿಗೆ ಕೈಮಗ್ಗದ ಸಪ್ಪಳ, ಇನ್ನೊಂದು ತುದಿಗೆ ಮಾಸ್ತರರ ಮನೆಯ ಮುಂದಿನ ಕೋಣೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಲ್ಲಿ ತಾಲೀಮು. ಅಂಗಿ ಹೊಲಿಯುವವನು, ಪಾತ್ರೆಗೆ ಕಲಾಯಿ ಹಾಕುವವನು, ಸೈಕಲ್ ಅಂಗಡಿಯವನು, ಎಲ್ಲರೂ ತಮ್ಮ ತಮ್ಮ ಕೆಲಸ ಬಿಟ್ಟು ಬಂದು ಹಿತ್ತಾಳೆಯ ವಾದ್ಯ ಹಿಡಿದು ಕೂಡುತ್ತಿದ್ದರು. ನಾನು ಗದಗಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ದಿನಗಳು. ಊಟವಾದ ಮೇಲೆ ಪುಸ್ತಕ ಹಿಡಿದು ಕಿಟಕಿಯ ಬಳಿ ಮಲಗಿದರೆ, ಮಗ್ಗದ ಸಪ್ಪಳದ ಮೇಲೆ ಕ್ಲಾರ್ನೆಟ್ಟಿನ ದನಿ ತೇಲುತ್ತ ಬರುತ್ತಿತ್ತು. ಎರಡು ಪುಟ ದಾಟುವುದರೊಳಗೆ ನಿದ್ದೆ. ಆ ನಿದ್ದೆಯ ರುಚಿ ಇಂದಿಗೂ ನಾಲಿಗೆಯ ಮೇಲಿದೆ.

"ಏನವಾ ಕಾಲೇಜ್ ಅವ್ವಿ, ಪುಸ್ತಕ ಎದಿಮ್ಯಾಲ ಇಟ್ಟಕೊಂಡು ಮಲಗಿದ್ದೆಲ್ಲಾ, ಅದು ತಾನ ಒಳಗ ಇಳೀತೈತೇನು?" ಎಂದು ಮಾಸ್ತರರು ಕಟ್ಟೆಯ ಮೇಲಿಂದ ಕೇಳುತ್ತಿದ್ದರು.

"ನಿಮ್ಮ ಕ್ಲಾರ್ನೆಟ್ ನಿದ್ದಿ ತರಸ್ತೈತ್ರಿ ಕಾಕಾ."

"ಹಂಗಂತ ಲಗ್ನದವ್ರ ಮುಂದ ಹೇಳಬ್ಯಾಡ ಮತ್ತ. ವೀಳ್ಯ ಕೊಡೂದ ಬಿಟ್ಟಾರು."

ತಾಲೀಮು ಮುಗಿದ ಮೇಲೆ ಅವರು ಕ್ಲಾರ್ನೆಟ್ಟನ್ನು ತುಂಡುತುಂಡಾಗಿ ಬಿಚ್ಚಿ, ಹಳೆಯ ಧೋತರದ ಚೂರಿನಿಂದ ಒರೆಸುತ್ತ ಬ್ಯಾಂಡಿನ ಕಥೆ ಹೇಳುತ್ತಿದ್ದರು. ಅವರು ಮೂರನೆಯ ಮಾಸ್ತರರು. ಮೊದಲನೆಯವರು ಅವರ ತಾಯಿಯ ತಂದೆ. ಯಾವುದೋ ಪಲ್ಟಣದ ಬ್ಯಾಂಡಿನಲ್ಲಿದ್ದು, ಊರಿಗೆ ಮರಳುವಾಗ ಕೆಂಪು ಕೋಟು ಮತ್ತು ತುದಿಗೆ ಗುಂಡಿಯಂಥ ಹಿತ್ತಾಳೆಯ ಗುಬ್ಬಿ ಇದ್ದ ಒಂದು ಕರಿಯ ಕೋಲು ತಂದಿದ್ದರಂತೆ. ಅಜ್ಜ ಯಾವ ವಾದ್ಯವನ್ನೂ ಊದಲಿಲ್ಲ. ಎದುರು ನಿಂತು ಕೋಲು ಎತ್ತುತ್ತಿದ್ದರು, ಬ್ಯಾಂಡು ಏಳುತ್ತಿತ್ತು; ಕೋಲು ಇಳಿಸುತ್ತಿದ್ದರು, ನಿಲ್ಲುತ್ತಿತ್ತು. ಆ ಕೋಲು ಒಂದು ದಿನ ಗೋರಾ ಸಾಹೇಬ ಕೊಟ್ಟ ಬಕ್ಷೀಸಾಗಿದ್ದರೆ, ಇನ್ನೊಂದು ದಿನ ಪಂಥದಲ್ಲಿ ಗೆದ್ದದ್ದಾಗಿರುತ್ತಿತ್ತು. ಈ ವ್ಯತ್ಯಾಸವನ್ನು ನಾನು ಎತ್ತಿ ತೋರಿಸಿದರೆ ಮಾಸ್ತರರು ನಗುತ್ತಿರಲಿಲ್ಲ. "ಎರಡೂ ಖರೆ ಅವ್ವಿ. ಅಜ್ಜನ ಕಡೆ ಕೋಲು ಒಂದ ಇತ್ತು, ಕತಿ ಭಾಳ ಇದ್ದುವು."

ಅಜ್ಜ ಮಗಳನ್ನು ಕೊಟ್ಟವರಿಗೇ ಬ್ಯಾಂಡನ್ನೂ ಕೊಟ್ಟರು. ಆ ಅಳಿಯ, ಅಂದರೆ ಮಾಸ್ತರರ ತಂದೆ, ಎರಡನೆಯವರು. ಎತ್ತಿನಂಥ ಆಳು. ಮೈಗೆ ಸುತ್ತಿಕೊಳ್ಳುವ ದೊಡ್ಡ ಹಿತ್ತಾಳೆಯ ವಾದ್ಯ ಊದುತ್ತಿದ್ದರು. ಬಾಯಿ ಕೈ ಎರಡೂ ಅದಕ್ಕೇ ಮೀಸಲಾದ್ದರಿಂದ ಹುಬ್ಬಿನಲ್ಲೇ ಬ್ಯಾಂಡು ನಡೆಸಿದರು. ಎಡಹುಬ್ಬು ಏರಿದರೆ ಜೋರು, ಎರಡೂ ಕೂಡಿದರೆ ಮುಗಿಸು. ಕೋಲನ್ನು ಮೂಲೆಗೆ ಎಸೆದವರು ಅವರೇ. "ಗಾಳಿ ಬಡಿಯೋ ಕೋಲಿಗೆ ಏನ್ ಉಸರೈತಿ? ಮಾಸ್ತರ ಅಂದಮ್ಯಾಲ ಊದಬೇಕು." ನಮ್ಮ ಮಾಸ್ತರರೂ ಅದನ್ನೇ ನಂಬಿದ್ದರು. ಅಜ್ಜನ ಕೋಲಿಗೆ ಅವರು 'ಕುರಿ ಹೊಡಿಯೋ ಕೋಲು' ಎನ್ನುತ್ತಿದ್ದರು. ನಾನು ಕಾಣುವ ಹೊತ್ತಿಗೆ ಅದು ಮಾಸ್ತರರ ಹೆಂಡತಿ ಕಾಕಿಯ ಕೈಸೇರಿ, ಒದ್ದೆ ಬಟ್ಟೆಯನ್ನು ಎತ್ತರದ ತಂತಿಗೆ ಏರಿಸುತ್ತಿತ್ತು.

ಆದರೆ ಅಜ್ಜ ಹಾಕಿಕೊಟ್ಟ ಒಂದು ಪದ್ಧತಿಯನ್ನು ಮಾತ್ರ ಯಾರೂ ಮೂಲೆಗೆ ಎಸೆಯಲಿಲ್ಲ. ಒಂದು ಧಾಟಿಯನ್ನು ಯಾವ ಮಾಸ್ತರ ಎತ್ತಿದನೋ ಅವನೇ ಅದನ್ನು ಇಳಿಸಬೇಕು. ನಡುವೆ ನಿಂತುಹೋದರೆ ಅದೇ ಜಾಗಕ್ಕೆ ಹೋಗಿ ಮುಗಿಸಬೇಕು. ಅಲ್ಲಿಯವರೆಗೆ ಬ್ಯಾಂಡು ಬೇರೆ ಧಾಟಿ ಮುಟ್ಟಬಾರದು. ಒಮ್ಮೆ ಮುಂಡರಗಿಯಲ್ಲಿ ಮದುಮಗನ ಮೆರವಣಿಗೆಗೆ ಮಳೆ ಹೊಡೆದು, ಜನ ಚದುರಿ, ಧಾಟಿ ಅರ್ಧಕ್ಕೆ ನಿಂತಿತಂತೆ. ಮರುದಿನ ಎರಡನೆಯ ಮಾಸ್ತರರು ಬ್ಯಾಂಡು ಕಟ್ಟಿಕೊಂಡು ಮತ್ತೆ ಅದೇ ಬೀದಿಗೆ ಹೋದರು. ಅಲ್ಲಿದ್ದದ್ದು ಒಂದು ಎಮ್ಮೆ, ಅದರ ಮೈ ತೊಳೆಯುತ್ತಿದ್ದ ಹೆಂಗಸು.

"ಯಾರ ಲಗ್ನರಿ?" ಎಂದಳಂತೆ ಆಕೆ.

"ನಿನ್ನೀದು" ಎಂದು ಹೇಳಿ ಊದಿದರಂತೆ.

ಈ ಕಥೆಗೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮಾಸ್ತರರು ಧೋತರದ ಚೂರನ್ನು ಮಡಚುತ್ತ ಎಲ್ಲೋ ನೋಡುತ್ತಿದ್ದರು. "ಇಳಸದ ಬಿಟ್ಟ ಧಾಟಿ ಅಲ್ಲೇ ತಿರಗತಿರತೈತಿ ಅವ್ವಿ. ಮನಿಗೆ ಹೋಗಾಕ ಹಾದಿ ಸಿಗೂದಿಲ್ಲ ಅದಕ್ಕ."

ಲಕ್ಷ್ಮೇಶ್ವರದ ಆ ಸಂಜೆ, ಮೆರವಣಿಗೆ ಬಂದು ಹಂದರ ಸೇರಿತ್ತು. ಮರುದಿನ ಅಕ್ಕಿಕಾಳು. ಕಾಳಿನ ಪೇಟೆಯ ಬಯಲಿನಲ್ಲಿ ಹಾಕಿದ ಹಂದರ. ಮೂರೂ ಕಡೆ ಬಟ್ಟೆ ಕಟ್ಟಿ, ಮುಂದೆ ಒಂದೇ ಬಾಗಿಲು ಬಿಟ್ಟು, ಅದಕ್ಕೆ ಬಣ್ಣದ ಕಾಗದದ ಕಮಾನು ಮಾಡಿದ್ದರು. ಬ್ಯಾಂಡಿನವರು ಒಳಗೆ, ಹಿಂಬದಿಯಲ್ಲಿ, ವೇದಿಕೆಯ ಪಕ್ಕ ನಿಂತಿದ್ದರು. ನಾನು ಅವರಿಗೆ ಸಮೀಪದಲ್ಲಿ ಆಯಿಯ ಜೊತೆ ಕೂತಿದ್ದೆ. ಆಯಿ ಎಂದರೆ ನಮ್ಮಪ್ಪನ ತಾಯಿ. ಮೊಣಕಾಲು ನೋವು, ಯಾರಾದರೂ ಹಿಡಿಯದೆ ಏಳಲಾರಳು.

ಕರೆಂಟು ಹೋದದ್ದಕ್ಕೆ ಯಾರೋ ಗ್ಯಾಸ್‌ಬತ್ತಿ ಹಚ್ಚಿ ಕಮಾನಿಗೆ ತೂಗುಹಾಕಿದರು. ಅದು ಭಗ್ಗೆಂದಿತು. ಕಾಗದ ಹತ್ತಿತು. ಕಾಗದದಿಂದ ಮೇಲಿನ ಬಟ್ಟೆಗೆ ಬೆಂಕಿ ಏರುವುದನ್ನು ನಾನು ನೋಡಿದೆ. ಅದಕ್ಕೆ ಅವಸರವೇ ಇರಲಿಲ್ಲ. ಚೆಂದವಾಗಿತ್ತು ಎನ್ನಲು ಹೆದರಿಕೆ, ಆದರೆ ಚೆಂದವಾಗಿತ್ತು.

ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಯನ್ನು ಹೇಗೋ ಇಳಿಸಿ, ಗಾಬರಿಯಾಗಿ ನಿಂತುಬಿಟ್ಟರು. ಬಾಜಾ ನಿಂತದ್ದೇ ತಡ, ಜನ ಚೀರುತ್ತ ಎದ್ದರು. ಎಲ್ಲರೂ ಓಡಿದ್ದು ಉರಿಯುತ್ತಿದ್ದ ಬಾಗಿಲಿಗೇ. ಒಳಗೆ ಬಂದದ್ದು ಅದರಿಂದ. ಹೊರಗೆ ಹೋಗುವ ಹಾದಿ ಬೇರೊಂದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮುಂದಿದ್ದವರು ಉರಿಗೆ ಹಿಂಜರಿದರು, ಹಿಂದಿನವರು ನೂಕಿದರು. ಹೆಂಗಸರು ಕೂಸುಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು.

"ಹಿಂದಿನ ಪಡದಾ ಹರೀರಲೇ!" ಎಂದು ಮಾಸ್ತರರು ಕೂಗಿದರು. ಢೋಲಿನವನೂ ಮಾಸ್ತರರ ಅಳಿಯನೂ ಬೆನ್ನ ಹಿಂದಿನ ಬಟ್ಟೆಯನ್ನು ಗಳ ಸಮೇತ ಕಿತ್ತರು. ಆಚೆ ಖಾಲಿ ಬಯಲು, ನಸುಗತ್ತಲು. ಆದರೆ ಅದನ್ನು ಕಂಡವರು ಪಕ್ಕದಲ್ಲಿದ್ದ ನಾವು ನಾಲ್ಕಾರು ಜನ. "ಈ ಕಡೆ ಬರ್ರಿ! ಈ ಕಡೆ!" ಎಂದು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಆಗ ಅವರು ಎಡಗಾಲ ಹಿಮ್ಮಡಿಯನ್ನು ನೆಲಕ್ಕೆ ಒಮ್ಮೆ ಬಡಿದರು. ಅದು ಬ್ಯಾಂಡಿಗೆ ಅವರ ಸನ್ನೆ. ಕ್ಲಾರ್ನೆಟ್ ಎತ್ತಿ ಮದುಮಗನ ಮೆರವಣಿಗೆಯ ಧಾಟಿ ತೆಗೆದರು. ಬ್ಯಾಂಡು ಅದನ್ನು ಹಿಡಿದು, ಹರಿದ ಬಟ್ಟೆಯ ಕಂಡಿಯಿಂದ ಸಾಲಾಗಿ ಹೊರಗೆ ನಡೆಯಿತು. ಮಾಸ್ತರರು ಮಾತ್ರ ಕಂಡಿಯಲ್ಲೇ ಒಳಗೆ ಮುಖ ಮಾಡಿ ನಿಂತರು.

ಮುಂದೆ ನಡೆದದ್ದನ್ನು ನಾನು ಯಾರಿಗೂ ನಂಬಿಸಲಾರೆ. ಜನ ತಿರುಗಿದರು. ನಮ್ಮ ಸೀಮೆಯಲ್ಲಿ ಆ ಧಾಟಿ ಕೇಳಿದರೆ ಮಾಡುವುದು ಒಂದೇ: ಬಾಜಾದ ಹಿಂದೆ, ಸಾವಕಾಶ, ಒಬ್ಬರ ಹಿಂದೊಬ್ಬರು ನಡೆಯುವುದು. ತೊಟ್ಟಿಲಿನಿಂದ ಕಾಲಿಗೆ ಹತ್ತಿದ ರೂಢಿ. ತಲೆಯ ಮೇಲೆ ಬಟ್ಟೆ ಉರಿದು ಚೂರು ಚೂರು ಉದುರುತ್ತಿರುವಾಗ, ಬಾಯಲ್ಲಿ ಚೀರುತ್ತಲೇ, ಕಾಲಲ್ಲಿ ಮದುವೆಯ ಮೆರವಣಿಗೆ ನಡೆದರು. ನನ್ನ ತೋಳಿಗೆ ಜೋತುಬಿದ್ದ ಆಯಿ ಕೂಡ ಢೋಲಿನ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಿದಳು. ಆಯಿಯನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಉಳಿದವರು ಮುಂದಾಗಿದ್ದರು, ನಾವೇ ಕೊನೆಯವರು. ಹೊಗೆಯೊಳಗೆ ಆ ಎಡಗೆನ್ನೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಧಾಟಿಯ ಇನ್ನೊಂದೇ ಸಾಲು ಉಳಿದಿತ್ತು. ನಾವು ಕಂಡಿ ದಾಟುವಾಗ ಆ ಕೆನ್ನೆ ಒಳಕ್ಕೆ ಹೋಯಿತು, ಮತ್ತೆ ಉಬ್ಬಲಿಲ್ಲ. ಹೊಗೆ ಕುಡಿದು ಬಿದ್ದ ಅವರನ್ನು ಢೋಲಿನವನು ಹೊತ್ತು ತಂದ. ಹಿಂದೆಯೇ ಹಂದರ ಕುಸಿಯಿತು.

ಯಾರೂ ಸಾಯಲಿಲ್ಲ. ಕೆಲವರಿಗೆ ಕೈ ಮೈ ಸುಟ್ಟಿತು, ಆಯಿಯ ಸೀರೆಯ ಸೆರಗು ಕರಕಾಯಿತು. ಮರುದಿನ ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಬಾಜಾ ಇಲ್ಲದೆ ಅಕ್ಕಿಕಾಳು ಬಿದ್ದವು.

ಬೆಟಗೇರಿಗೆ ಮರಳಿದ ಮೇಲೆ ಮಾಸ್ತರರಿಗೆ ಮಾತಾಡಿದರೆ ಕೆಮ್ಮು. ಇನ್ನು ಊದಬಾರದೆಂದು ಡಾಕ್ಟರು ಹೇಳಿದರು. ಲಕ್ಷ್ಮೇಶ್ವರದಲ್ಲಿ ಎತ್ತಿದ ಧಾಟಿಯ ಕೊನೆಯ ಸಾಲು ಹಾಗೇ ಉಳಿಯಿತು. ಪದ್ಧತಿಯ ಪ್ರಕಾರ ಬ್ಯಾಂಡು ಬೇರೇನೂ ನುಡಿಸುವಂತಿರಲಿಲ್ಲ. ವೀಳ್ಯ ಕೊಟ್ಟು ಮದುವೆಗೆ ಕರೆಯಲು ಬಂದವರನ್ನು ಮಾಸ್ತರರು ಚಹಾ ಕುಡಿಸಿ ಕಳಿಸುತ್ತಿದ್ದರು. ಕೆಂಪು ಕೋಟುಗಳು ಗೂಟದಲ್ಲೇ ಉಳಿದವು. ಮಧ್ಯಾಹ್ನ ಮಗ್ಗದ ಸಪ್ಪಳವೊಂದೇ.

ನನ್ನ ನಿದ್ದೆ ಹೋದದ್ದೂ ಆಗಲೇ. ಕಣ್ಣು ಮುಚ್ಚಿದರೆ ಧಾಟಿ ಶುರುವಾಗುತ್ತಿತ್ತು, ನಾನು ಆಯಿಯನ್ನು ಹಿಡಿದು ನಡೆಯುತ್ತಿದ್ದೆ, ಆ ಕೊನೆಯ ಸಾಲಿನ ಬಳಿ ಎಲ್ಲ ನಿಲ್ಲುತ್ತಿತ್ತು. ಕಂಡಿ ದಾಟಿದೆವೋ ಇಲ್ಲವೋ ತಿಳಿಯುವ ಮೊದಲೇ ಎಚ್ಚರ. ಹೊತ್ತು ಮುಳುಗುವಾಗ ಎದ್ದು ಹೋಗಿ ಮಾಸ್ತರರ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಏನೂ ಹೇಳಿಕೊಂಡಿರಲಿಲ್ಲ. ಒಂದು ದಿನ ಅವರೇ ಕೇಳಿದರು: "ನಿನಗೂ ಅಲ್ಲೇ ನಿಲ್ಲತೈತೇನು ಅವ್ವಿ?"

"ಹೌದ್ರಿ ಕಾಕಾ."

ಅಳಿಯ ಒಳಗಿನಿಂದ ಬಂದ. ಬ್ಯಾಂಡಿನ ಎರಡನೆಯ ಕ್ಲಾರ್ನೆಟ್ ಅವನದು. "ಮಾಮಾ, ಒಂದ ಸಾಲು. ನಾ ಹೋಗಿ ಊದಿ ಬರ್ತೀನಿ. ಮಂದಿ ನಗಾಕ ಹತ್ಯಾರ, ಬ್ಯಾಂಡಿನವ್ರು ಮೌನವ್ರತ ಹಿಡದಾರಂತ."

"ನೀ ಎತ್ತಿದ್ದೇನು?"

"ಎತ್ತಿದಾವ್ರಿಗೆ ಊದಾಕ ಬರೂದಿಲ್ಲಲ್ಲರಿ!"

ಮಾಸ್ತರರು ಉತ್ತರಿಸಲು ಹೋಗಿ ಕೆಮ್ಮಿದರು. ಕಾಕಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಿರುಗಿ ನೋಡದೆಯೇ ಶುರು ಮಾಡಿದಳು: "ಅಪ್ಪಂದ ಕೇಳಿದ್ರಿ, ಮುಗೀತು. ಊದಿದ್ರನ ಮಾಸ್ತರ! ನಿಮ್ಮಜ್ಜ ಒಂದರ ಪೀಪಿ ಊದಿದ್ರೇನು? ಅವ್ರೇನು ಧಾಟಿ ಎತ್ತಲಿಲ್ಲೋ, ಇಳಸಲಿಲ್ಲೋ? ಪದ್ಧತಿ ಬೇಕಂತ ಅವ್ರದು, ಕೋಲು ಬ್ಯಾಡಂತ!"

ಕೋಲಿನ ತುದಿಯಲ್ಲಿ ಮಾಸ್ತರರದೇ ಒಂದು ಒದ್ದೆ ಬನಿಯನ್ ತೂಗುತ್ತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿದರು. "ಕೊಡ ಇಲ್ಲಿ."

"ಬಟ್ಟಿ ಹಾಕೂದು ಮುಗೀಲಿ" ಎಂದಳು ಕಾಕಿ. ಮುಗಿದ ಮೇಲೆ ಸೆರಗಿನಿಂದ ಗುಬ್ಬಿಯನ್ನು ಒರೆಸಿ ಕೊಟ್ಟಳು.

ಲಕ್ಷ್ಮೇಶ್ವರದ ಮುಂದಿನ ಸಂತೆಯ ದಿನ ಬ್ಯಾಂಡು ಬಸ್ಸು ಹತ್ತಿತು. ನನ್ನನ್ನೂ ಕರೆದರು. ಹೋಗಲಾರೆ ಎಂದೆ. "ನೀನೂ ಅಲ್ಲೇ ಉಳದೀದಿ ಅವ್ವಿ. ಬಾ" ಎಂದರು. ಹೋದೆ.

ಕಾಳಿನ ಪೇಟೆಯ ಬಯಲಿನಲ್ಲಿ ಗಳ ನೆಟ್ಟ ಕುಣಿಗಳು ಇನ್ನೂ ಇದ್ದವು. ಹಿಂದಿನ ಕಂಡಿ ಇದ್ದ ಜಾಗ ಯಾವುದೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಮಾಸ್ತರರು ಅಂದು ನಿಂತಲ್ಲೇ ನಿಂತರು, ಅಂದಿನ ಹಾಗೇ ಒಳಮುಖವಾಗಿ. ಒಳಗೆ ಎನ್ನಲು ಏನೂ ಇರಲಿಲ್ಲ. ಬಯಲು, ಜೋಳದ ಕಾಳು ಹೆಕ್ಕುವ ಪಾರಿವಾಳ, ಇಳಿಬಿಸಿಲು. ಕೆಂಪು ಕೋಟು ಕಂಡು ಸಂತೆಯ ಜನ ಒಬ್ಬೊಬ್ಬರೇ ಬಂದರು. ಅಂದು ಹಂದರದಲ್ಲಿದ್ದ ಕೆಲವರು ಅವರಲ್ಲಿದ್ದರು. ಒಬ್ಬಾಕೆಯ ಮುಂಗೈಯಲ್ಲಿ ಸುಟ್ಟ ಗುರುತು ಹೊಳೆಯುತ್ತಿತ್ತು. ಅವರು ಏನನ್ನೂ ಕೇಳದೆ, ಸಂತೆಯ ಚೀಲ ಹಿಡಿದೇ, ಒಬ್ಬರ ಹಿಂದೊಬ್ಬರು ನಿಂತರು. ನಾನು ಎಲ್ಲರಿಗಿಂತ ಕೊನೆಗೆ ನಿಂತೆ.

ಹಿಮ್ಮಡಿ ನೆಲಕ್ಕೆ ಬಡಿಯಿತು. ಕೋಲು ಏರಿತು. ಅದರ ತುದಿ ಗಾಳಿಯಲ್ಲಿ ಏನೋ ಬರೆದಂತೆ ಕಂಡಿತು. ಧಾಟಿ ನಿಂತಿದ್ದ ಆ ಸ್ವರದಿಂದಲೇ ಅಳಿಯನ ಕ್ಲಾರ್ನೆಟ್ ಹಿಡಿದುಕೊಂಡಿತು, ಹಿಂದೆ ಹಿತ್ತಾಳೆ, ಢೋಲು. ಸಾಲು ಚಿಕ್ಕದು. ನಾಲ್ಕು ಹೆಜ್ಜೆ ನಡೆಯುವುದರೊಳಗೆ ಮುಗಿಯುವಂಥದ್ದು. ಜನ ನಡೆದರು, ನಾನೂ ನಡೆದೆ, ಗಳದ ಕುಣಿ ದಾಟಿದೆ. ಆಚೆ ಬಯಲಿತ್ತು. ಮಾಸ್ತರರ ಎಡಗೆನ್ನೆ, ಊದಲು ಏನೂ ಇಲ್ಲದಿದ್ದರೂ, ಉಬ್ಬಿತ್ತು. ಅವರು ಕೋಲು ಇಳಿಸಿದರು. ಕೆನ್ನೆಯೂ ಇಳಿಯಿತು.

ಆಮೇಲೆ ಕೋಲನ್ನು ಅಳಿಯನ ಕಂಕುಳಿಗೆ ಸಿಗಿಸಿ, "ಇನ್ನ ನೀ ಎತ್ತು" ಎಂದರು. ಬ್ಯಾಂಡಿಗೆ ನಾಲ್ಕನೆಯ ಮಾಸ್ತರ ಸಿಕ್ಕದ್ದು ಹೀಗೆ.

ಅವರು ಇನ್ನೂ ಕೆಲವು ಮಳೆಗಾಲ ಬದುಕಿದರು. ಟೇಪ್‌ರಿಕಾರ್ಡು ಮದುವೆ ಮನೆಗಳಿಗೆ ಬರುವುದನ್ನೂ ಕಂಡರು. ಅವರು ತೀರಿಕೊಂಡಾಗ ನಾನು ಓಣಿಯಲ್ಲಿದ್ದೆ. ಅವರಲ್ಲಿ ಮಯ್ಯತ್ತು ಹೊರುವಾಗ ಬಾಜಾ ಸಲ್ಲದು. ಆದರೆ ಹೆಗಲು ಕೊಟ್ಟ ಬ್ಯಾಂಡಿನವರ ಎಡಗಾಲ ಹಿಮ್ಮಡಿಗಳು ಒಟ್ಟಿಗೇ ನೆಲಕ್ಕೆ ಬೀಳುತ್ತಿದ್ದವು. ಅದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಕಿಟಕಿಯಲ್ಲಿ ನಿಂತು ಓಣಿಯ ತಿರುವಿನವರೆಗೆ ಆ ಸಪ್ಪಳ ಕೇಳಿದೆ.

ಅವರ ಋಣ ಎಂದಾಗ ನನಗೆ ಮೊದಲು ನೆನಪಾಗುವುದು ಬೆಂಕಿಯಲ್ಲ, ಆ ಸಾಲು ಮುಗಿದ ಮರುದಿನ. ಹಿಂದಿನ ಸಂಜೆ ಗದಗಿನ ಬಸ್ಸು ತಪ್ಪಿ ನಾವೆಲ್ಲ ಲಕ್ಷ್ಮೇಶ್ವರದಲ್ಲೇ, ಅತ್ತಿಗೆಯ ತವರಿನಲ್ಲಿ ಉಳಿದಿದ್ದೆವು. ನಾನು ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಮನೆ ಶಾಂತವಾಗಿತ್ತು.

"ಬ್ಯಾಂಡಿನವ್ರೆಲ್ಲ?" ಎಂದೆ.

"ಮೊದಲನೇ ಬಸ್ಸಿಗೇ ಹೋದ್ರವಾ" ಎಂದಳು ಅತ್ತಿಗೆಯ ತಾಯಿ, ಕಸಬರಿಗೆ ಹಿಡಿದು ನಗುತ್ತ. "ನಿನ್ನ ಎಬ್ಬಸಬಾರ್ದಂತ ಮಾಸ್ತರದು ಹುಕುಂ. ಢೋಲಿಗೆ ಚಾದರ ಸುತ್ತಿ, ಚಪ್ಪಲಿ ಕೈಯಾಗ ಹಿಡಕೊಂಡು, ಇಡೀ ಬ್ಯಾಂಡ್ ಕಳ್ಳರಂಗ ನಿನ್ನ ಕಾಲ ಕಡೆಯಿಂದ ದಾಟಿ ಹೋತು ನೋಡು. ಮಗ್ಗಲಾ ಸೈತ ಬದಲಸಲಿಲ್ಲ ನೀ."