ದಸ್ತಗೀರ್ ಸಾಹೇಬರ ಮೆಚ್ಚುಗೆ

ಕೆಟ್ಟ ವಾಕ್ಯ ಕಣ್ಣಿಗೆ ಬಿದ್ದರೆ ದಸ್ತಗೀರ್ ಸಾಹೇಬರು ಬಾಯಿಗೊಂದು ಲವಂಗ ಹಾಕಿಕೊಳ್ಳುತ್ತಿದ್ದರು, ಚರಂಡಿ ದಾಟುವವರು ಮೂಗಿಗೆ ಕರ್ಚೀಫು ಹಿಡಿಯುವ ಹಾಗೆ. ಅಂಗಿಯ ಜೇಬಿನಲ್ಲಿ ಚಪ್ಪಟೆ ಸ್ಟೀಲ್ ಡಬ್ಬಿ, ಅದರ ತುಂಬ ಲವಂಗ. ನಮ್ಮ ವಾರಪತ್ರಿಕೆ ಅಚ್ಚಿಗೆ ಹೋಗುವ ದಿನ ಸಂಜೆ ಅವರ ಕೋಣೆಗೆ ಕಾಲಿಟ್ಟರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದ ಹಾಗಾಗುತ್ತಿತ್ತು. ‘ಇವತ್ತು ಎಷ್ಟಾಯ್ತು ಸಾಹೇಬ್ರೇ?’ ಅಂತ ಯಾರಾದರೂ ಕೇಳಿದರೆ ಖಾಲಿ ಡಬ್ಬಿಯನ್ನು ತೆರೆದು ತೋರಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಪತ್ರಿಕೆಯ ಕಚೇರಿ ಇದ್ದದ್ದು ಇಂದಿರಾನಗರದ ಒಂದು ಹಳೆಯ ಬಂಗಲೆಯಲ್ಲಿ. ಹಾಲ್‌ನಲ್ಲಿ ಸಂಪಾದಕರು, ಮಲಗುವ ಕೋಣೆಗಳಲ್ಲಿ ನಾವು, ಅಡುಗೆಮನೆಯಲ್ಲಿ ಕರಡು ತಿದ್ದುವ ದಸ್ತಗೀರ್ ಸಾಹೇಬರು. ಹಿಂದೆ ಸ್ಟೌ ಇಡುತ್ತಿದ್ದ ಕಡಪಾ ಕಲ್ಲಿನ ಕಟ್ಟೆಯೇ ಅವರ ಮೇಜು. ಶಿವಾಜಿನಗರದಲ್ಲಿ ಅವರ ಅಣ್ಣಂದಿರದು ಹಾಸಿಗೆ ದಿಂಬಿನ ಅಂಗಡಿ. ಮನೆಯ ಮಾತು ದಖನಿ. ಸ್ಕೂಲಿನಲ್ಲಿ ಹಿಡಿದ ಕನ್ನಡದ ಹುಚ್ಚು ಮಾತ್ರ ಬಿಡಲಿಲ್ಲ. ಮದುವೆ ಆಗಲಿಲ್ಲ, ಅಂಗಡಿಯಲ್ಲಿ ಕೂರಲಿಲ್ಲ, ಪ್ರೆಸ್ಸಿನಿಂದ ಪ್ರೆಸ್ಸಿಗೆ ಪೆನ್ನು ಹಿಡಿದುಕೊಂಡು ಅಲೆದರು. ‘ನಮ್ಮನೇಲಿ ಹತ್ತಿಯಿಂದ ಕಸ ತೆಗೀತಾರೆ, ನಾನು ಇಲ್ಲಿ ತೆಗೀತೀನಿ. ಹತ್ತಿ ವಾಸಿ ಮೇಡಂ, ಅದು ನಾರೋದಿಲ್ಲ,’ ಅನ್ನುತ್ತಿದ್ದರು.

ನಾನು ಗದಗಿನವಳು. ಗಂಡನಿಗೆ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ಹೊಸ ತಿಪ್ಪಸಂದ್ರದಲ್ಲಿ ಮನೆ ಮಾಡಿದ್ದೆವು. ಪತ್ರಿಕೆಯಲ್ಲಿ ನನಗೆ ಒಂದು ಪುಟ ಕೊಟ್ಟರು. ವಾರಕ್ಕೆ ಒಂದು ಪುಸ್ತಕ, ಒಂದು ಸಿನಿಮಾ, ಒಂದು ಕ್ಯಾಸೆಟ್ಟು ಆರಿಸಿ, ಓದಿ, ನೋಡಿ, ಕೇಳಿ ಅಂತ ಓದುಗರಿಗೆ ಹೇಳುವುದು. ಮೇಲೆ ನನ್ನ ಹೆಸರು, ಪಕ್ಕದಲ್ಲಿ ಫೋಟೋ.

ಎರಡನೇ ವಾರವೇ ಸಾಹೇಬರು ನನ್ನ ಟೇಬಲ್ಲಿಗೆ ಬಂದರು. ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಕರಡಿನ ಹಾಳೆ ಹಿಡಿದಿದ್ದರು.

‘ಮೇಡಂ, ಈ ಕಾದಂಬರಿ ಓದಿದೀರಾ?’

‘ಹೌದ್ರೀ, ಓದೇನಿ.’

‘ಮನ ಮಿಡಿಯುವ ಕೃತಿ ಅಂತ ಬರೆದಿದೀರಿ. ನಿಮ್ಮ ಮನಸ್ಸು ಎಷ್ಟನೇ ಪುಟದಲ್ಲಿ ಮಿಡೀತು?’

ನಾನು ನಿಜವಾಗಿಯೂ ಓದಿದ್ದೆ. ಪುಟಪುಟವನ್ನೂ ನೆನಪು ಮಾಡಿಕೊಂಡೆ. ಕೊನೆಗೆ, ‘ಮಿಡೀಲಿಲ್ರೀ. ಆದ್ರ ಅತ್ತಿ ಸೊಸಿ ಮುಂದಿನ ತಾಟು ಎಳಕೊಳ್ತಾಳಲ್ಲ, ಅದೊಂದು ಮರೀಲಿಕ್ಕೆ ಆಗವಲ್ದು,’ ಅಂದೆ.

‘ಹಾಂ! ಅದನ್ನ ಬರೀರಿ. ಥೂ, ಈ ಪತ್ರಿಕೇಲಿ ವಾರವಾರ ಇಷ್ಟು ಜನರ ಮನಸ್ಸು ಮಿಡಿಯುತ್ತೆ, ಎಲ್ಲರನ್ನೂ ಆಸ್ಪತ್ರೆಗೆ ಸೇರಿಸ್ಬೇಕು.’

ಅವರಿಗೆ ಹೇಸಿಗೆ ಹುಟ್ಟಿಸದ ವಸ್ತುವೇ ಅಪರೂಪ. ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಸೀಟೇ ಆಗಬೇಕು. ‘ವಾಕರಿಕೆ ಬಂದ್ರೆ ಬೇಗ ಹೊರಗೆ ಹೋಗ್ಬೇಕಲ್ಲ.’ ಒಮ್ಮೆ ಆಫೀಸಿನವರೆಲ್ಲ ಸೇರಿ ಮ್ಯಾಟಿನಿಗೆ ಹೋಗಿದ್ದೆವು. ಪರದೆಯ ಮೇಲೆ ನಾಯಕನ ತಾಯಿ ಸಾಯುತ್ತಿದ್ದಳು, ನಾಯಕ ಹಾಡುತ್ತಲೇ ಇದ್ದ, ಮುಗಿಯುವ ಲಕ್ಷಣವೇ ಇಲ್ಲ. ಸಾಹೇಬರು ಎದ್ದು ನಿಂತು, ‘ಅರೆ, ಆ ತಾಯೀನ ಸಾಯೋಕಾದ್ರೂ ಬಿಡ್ರಪ್ಪಾ!’ ಅಂತ ಕೂಗಿ ಹೊರಟೇಹೋದರು. ಅಷ್ಟು ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದ ನಮ್ಮ ಸಾಲಿಗೆ ಸಾಲೇ ನಗತೊಡಗಿತು. ಕ್ಯಾಸೆಟ್ಟಿನ ವಿಷಯ ಹೇಳುವುದೇ ಬೇಡ. ಯಾರ ಟೇಪ್‌ರೆಕಾರ್ಡರಿನಿಂದ ಗಾಯಕ ಬಿಕ್ಕಳಿಸಿದರೂ ಅಡುಗೆಮನೆಯಿಂದ ‘ನಕ್ಕೋ, ನಕ್ಕೋ, ಬೇಡ್ರಪ್ಪಾ’ ಅಂತ ನರಳುವುದು ಕೇಳುತ್ತಿತ್ತು.

‘ಹಾಗಾದ್ರ ನಿಮಗ ಸೇರೂದು ಏನ್ರೀ? ಒಂದು ಪುಸ್ತಕ ಹೇಳ್ರಿ,’ ಅಂತ ಒಂದು ದಿನ ಪೀಡಿಸಿದೆ.

‘ಪುಸ್ತಕ ಹೇಳೋದು ಅಂದ್ರೆ ಮದುವೆಗೆ ಸಂಬಂಧ ಹೇಳಿದ ಹಾಗೆ ಮೇಡಂ. ಎರಡು ಕಡೇನೂ ಗೊತ್ತಿರ್ಬೇಕು. ಕೆಟ್ಟರೆ ಹೇಳಿದೋನೇ ಹೋಗಿ ತಲೆ ಕೊಡ್ಬೇಕು.’ ಆಮೇಲೆ ಸ್ವಲ್ಪ ಯೋಚಿಸಿ, ‘ಒಂದಿದೆ. ಸೂಲಗಿತ್ತಿ ಒಬ್ಬಳು ಬಾಯಲ್ಲಿ ಹೇಳಿ ಬರೆಸಿದ್ದು. ನಿಮಗೆ ಈಗ ಬೇಡ,’ ಅಂದರು.

ನನಗೆ ಸಿಟ್ಟು ಬಂತು. ಎಂ.ಎ. ಮಾಡಿದವಳಿಗೆ ಈಗ ಬೇಡ ಅನ್ನುವುದೇನು? ಮಗಳು ಹುಟ್ಟಿ ಆರು ತಿಂಗಳಾದ ಮೇಲೆ ರಟ್ಟು ಕಿತ್ತುಹೋದ ಆ ಪುಸ್ತಕವನ್ನು ತಾವಾಗಿ ತಂದುಕೊಟ್ಟರು. ಓದಿದೆ. ಹೆರಿಗೆಯಲ್ಲಿ ಸತ್ತವರ ಕಥೆಗಳೇ ಅದರಲ್ಲಿ ಹೆಚ್ಚು. ಅವರು ಬೇಡ ಅಂದ ದಿನ ನಾನು ಎರಡು ತಿಂಗಳ ಬಸುರಿ. ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಎರಡು ಸಲ ಹಿತ್ತಲಿಗೆ ಓಡಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಅವರು ನೋಡಿರಬೇಕು.

ಇಂಥವರು ಪಕ್ಕದಲ್ಲಿದ್ದೂ ನಾನು ಕೆಟ್ಟೆ.

ಮಗು ಹುಟ್ಟಿದ ಮೇಲೆ ವಾರಕ್ಕೆ ಮೂರನ್ನು ಮುಗಿಸುವುದು ಕೈಲಾಗಲಿಲ್ಲ. ಮೊದಲು ಬೆನ್ನುಡಿ ಓದಿ ಬರೆಯುವುದನ್ನು ಕಲಿತೆ. ಆಮೇಲೆ ಕ್ಯಾಸೆಟ್ಟಿನ ಚೀಟಿ ಓದಿ. ಸಿನಿಮಾ ಪಕ್ಕದ ಮನೆಯವರು ನೋಡಿ ಬಂದರೆ ಸಾಕು. ವಿಚಿತ್ರವೆಂದರೆ ಓದದೆ ಬರೆದಾಗ ಕೈ ಸಲೀಸಾಗಿ ಓಡುತ್ತಿತ್ತು, ಮೆಚ್ಚುಗೆಯ ಪತ್ರಗಳೂ ಹೆಚ್ಚು ಬರುತ್ತಿದ್ದವು. ಆ ಪತ್ರಗಳನ್ನು ಮನೆಗೆ ಒಯ್ದು ಗಂಡನಿಗೆ ಓದಿ ಹೇಳುತ್ತಿದ್ದೆ.

ಒಂದು ವಾರ ಸಂಪಾದಕರು ತಮ್ಮ ಷಡ್ಡಕ ಬರೆದ ಪುಸ್ತಕ ಕೊಟ್ಟರು. ಸಕ್ಕರೆ ಕಾಯಿಲೆಯನ್ನು ತಾನು ಹೇಗೆ ಗೆದ್ದೆ ಅಂತ ಆತ ಬರೆದದ್ದು. ‘ನಾಲ್ಕು ಒಳ್ಳೆ ಮಾತು ಬರೀಮ್ಮ,’ ಅಂದರು. ನಾನು ಪುಟ ಬಿಡಿಸಲಿಲ್ಲ. ‘ಪ್ರತಿ ಮನೆಯಲ್ಲೂ ಇರಲೇಬೇಕಾದ, ಬದುಕಿಗೆ ಭರವಸೆ ತುಂಬುವ ಪುಸ್ತಕ’ ಅಂತ ಶುರುಮಾಡಿ ಅರ್ಧ ಗಂಟೆಯಲ್ಲಿ ಮುಗಿಸಿದೆ. ಕರಡು ವಾಪಸು ಬಂದಾಗ ಅಂಚಿನಲ್ಲಿ ಸಾಹೇಬರ ಗುಂಡು ಅಕ್ಷರದಲ್ಲಿ ಒಂದು ಪ್ರಶ್ನೆ ಇತ್ತು: ‘ಓದಿದ್ದೀರಾ?’ ಪುಸ್ತಕ ನನ್ನ ಹತ್ತಿರವಿತ್ತು, ಅವರು ನೋಡಿರಲಿಲ್ಲ. ಮನೆಯಲ್ಲಿ ಮಗಳಿಗೆ ಜ್ವರ, ನನಗೆ ಬಸ್ಸಿನ ಅವಸರ. ಅದರ ಕೆಳಗೆ ‘ಹೌದು’ ಅಂತ ಬರೆದು ಕೊಟ್ಟು ಹೊರಟೆ.

ಎರಡು ತಿಂಗಳ ಮೇಲೆ ಅವರು ಮತ್ತೆ ನನ್ನ ಟೇಬಲ್ಲಿನ ಮುಂದೆ ನಿಂತರು. ಓದುಗರ ಪತ್ರಗಳೂ ಅವರ ಕೈ ದಾಟಿಯೇ ಬರುತ್ತಿದ್ದವು. ಅವತ್ತಿನದು ಕೆ.ಆರ್. ಪುರದಿಂದ ಬಂದದ್ದು, ಚನ್ನಪ್ಪ ಅನ್ನುವ ನಿವೃತ್ತ ಮೇಷ್ಟ್ರು ಬರೆದದ್ದು. ‘ತಮ್ಮ ಅಂಕಣ ಓದಿ ಪುಸ್ತಕ ತರಿಸಿದೆವು. ಅದರಂತೆ ನನ್ನ ಹೆಂಡತಿ ಮಾತ್ರೆ ಬಿಟ್ಟು ಕಷಾಯ ಕುಡಿಯುತ್ತಿದ್ದಾಳೆ. ಕಾಲಿನ ಗಾಯ ಕಪ್ಪಗಾಗಿದೆ. ಗುಣ ಕಾಣಲು ಇನ್ನೆಷ್ಟು ದಿನ ಬೇಕು? ತಾವು ಪೂರ್ತಿ ಓದಿದವರು, ದಯಮಾಡಿ ತಿಳಿಸಿ.’

ಸಾಹೇಬರು ನನ್ನ ಕಪಾಟಿನಿಂದ ಆ ಪುಸ್ತಕ ಹುಡುಕಿ ತೆಗೆದರು. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸುತ್ತಾ ಒಂದು ಕಡೆ ನಿಲ್ಲಿಸಿ, ‘ಈಗ ಓದಿ. ಜೋರಾಗಿ,’ ಅಂದರು.

‘ಮಾತ್ರೆಗಳನ್ನು ಒಂದೇ ಸಲಕ್ಕೆ ನಿಲ್ಲಿಸಬೇಕು. ಮೊದಮೊದಲು ಗಾಯ ಹೆಚ್ಚಾದಂತೆ ಕಂಡರೂ...’ ಅಷ್ಟಕ್ಕೆ ಪುಸ್ತಕ ಮುಚ್ಚಿದೆ.

‘ಬನ್ನಿ ಹೋಗೋಣ,’ ಅಂದರು. ಲವಂಗದ ಡಬ್ಬಿಗೆ ಅವರ ಕೈ ಹೋಗಲಿಲ್ಲ.

ಕೆ.ಆರ್. ಪುರದ ಬಸ್ಸು ಹತ್ತಿದೆವು. ಮೇಷ್ಟ್ರ ಮನೆ ಹೊಕ್ಕ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಊದುಬತ್ತಿ ಹಚ್ಚಿದ್ದರು, ಅದರ ಅಡಿಯಿಂದಲೂ ಅದು ಏಳುತ್ತಿತ್ತು, ಸಿಹಿಯಾಗಿ, ಕೊಳೆತ ಹಾಗೆ. ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ನನ್ನ ಅಂಕಣ ಕತ್ತರಿಸಿ ಅಂಟಿಸಿದ್ದರು. ಮಂಚದ ಮೇಲೆ ಕಾಲಿಗೆ ಬಿಳಿ ಪಂಚೆ ಸುತ್ತಿಕೊಂಡು ಮೇಷ್ಟ್ರ ಹೆಂಡತಿ ಗೌರಮ್ಮ ಕೂತಿದ್ದರು. ಫೋಟೋ ನೋಡಿ ನನ್ನ ಗುರುತು ಹಿಡಿದರು.

‘ಅಯ್ಯೋ, ನೀವೇ ಬಂದ್ಬಿಟ್ರಾ! ರೀ, ಕಾಫಿ ಮಾಡ್ರೀ ಇವರಿಗೆ.’

ಸಾಹೇಬರು ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನೇ. ‘ಅಮ್ಮಾ, ನಾನು ಆ ಪುಸ್ತಕ ಓದಿರ್ಲಿಲ್ಲ. ಓದದೇ ಬರೆದ್ಬಿಟ್ಟೆ. ಅದು ಸುಳ್ಳು. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು.’

ಆಕೆಗೆ ಸಿಟ್ಟು ಬರಲಿಲ್ಲ. ಅರ್ಥವಾಗದವರ ಹಾಗೆ ನೋಡಿದರು. ‘ಓದಿರ್ಲಿಲ್ವಾ? ಮತ್ತೆ ಯಾಕಮ್ಮ ಬರೆದೆ?’

ನಾನು ಆ ವಾಸನೆ ತಾಳಲಾರದೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಆಕೆಯ ಕಣ್ಣೆದುರಿಗೇ. ಕೆಟ್ಟ ವಾಕ್ಯಕ್ಕೆ ಮುಖ ಕಿವುಚುವ ದಸ್ತಗೀರ್ ಸಾಹೇಬರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಮಂಚದ ಬಳಿ ಬಗ್ಗಿ, ಆ ಕಾಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ‘ಮೇಷ್ಟ್ರೇ, ಆಟೋ ಕರೀರಿ,’ ಅಂದರು.

ಆಸ್ಪತ್ರೆಯಲ್ಲಿ ಪಾದ ತೆಗೆದರು. ಜೀವ ಉಳಿಯಿತು.

ನಾನು ನಾಲ್ಕು ಸಾಲು ಬರೆದೆ. ಆ ಪುಸ್ತಕವನ್ನು ನಾನು ಓದಿರಲಿಲ್ಲ, ಅದನ್ನು ನಂಬಿ ಮಾತ್ರೆ ಬಿಟ್ಟವರು ಇವತ್ತೇ ಡಾಕ್ಟರ ಹತ್ತಿರ ಹೋಗಿ ಅಂತ. ಸಂಪಾದಕರು ಅದಕ್ಕೆ ಅಡ್ಡಗೆರೆ ಎಳೆದರು. ‘ನಿನಗೆ ತಲೆ ಕೆಟ್ಟಿದೆಯೇನಮ್ಮ? ಪತ್ರಿಕೆ ಮುಚ್ಚಿಸ್ತೀಯಾ?’ ನಾನು ಎದ್ದು ಬಂದೆ. ಆದರೆ ಆ ವಾರದ ಸಂಚಿಕೆಯಲ್ಲಿ ನಾಲ್ಕೂ ಸಾಲು ಅಚ್ಚಾಗಿದ್ದವು, ನನ್ನ ಫೋಟೋದ ಕೆಳಗೇ. ಇಡೀ ಜೀವಮಾನದಲ್ಲಿ ಬೇರೆಯವರ ಬರಹಕ್ಕೆ ಸಂಪಾದಕರ ಒಪ್ಪಿಗೆಯಿಲ್ಲದೆ ಒಂದು ಅಲ್ಪವಿರಾಮವನ್ನೂ ಸೇರಿಸದ ಮನುಷ್ಯ ಕೊನೆಯ ಕರಡಿನಲ್ಲಿ ಅವನ್ನು ವಾಪಸು ಹಾಕಿದ್ದರು.

ಸಂಪಾದಕರು ಎಲ್ಲರನ್ನೂ ಹಾಲ್‌ಗೆ ಕರೆದರು. ‘ಯಾರ ಕೆಲಸ ಇದು?’

‘ನಂದು,’ ಅಂದರು ಸಾಹೇಬರು. ‘ಬಿಟ್ಟುಹೋದ ಸಾಲು ಸೇರಿಸೋದೇ ನನ್ನ ಕೆಲಸ ಅಲ್ವಾ ಸಾರ್?’

‘ನಾಳೆಯಿಂದ ಬರ್ಬೇಡಿ.’

ಬರೆದವಳು ನಾನು ಅಂತ ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ನೆಲದ ಮೊಸಾಯಿಕ್ ಚುಕ್ಕೆಗಳನ್ನು ನೋಡುತ್ತಾ ನಿಂತಿದ್ದೆ. ಅವರು ಅಡುಗೆಮನೆಗೆ ಹೋಗಿ ಕಟ್ಟೆ ಒರೆಸಿ, ಪೆನ್ನು ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಹೇಳಿ ಹೊರಟರು. ನನಗೂ ಹೇಳಿದರು. ಅದಾದ ಮೇಲೂ ನಾಲ್ಕು ತಿಂಗಳು ನಾನು ಆ ಅಂಕಣ ಬರೆದೆ. ಓದಿಯೇ ಬರೆದೆ ಅನ್ನುವುದು ಸಮಾಧಾನದ ಮಾತಲ್ಲ.

ಕೆಲಸ ಬಿಟ್ಟ ಮೇಲೆ ಶಿವಾಜಿನಗರದ ಅವರ ಅಣ್ಣಂದಿರ ಅಂಗಡಿಗೆ ಹೋದೆ. ದಿಂಬುಗಳ ರಾಶಿಯ ನಡುವೆ ಗಡ್ಡದಲ್ಲೆಲ್ಲ ಹತ್ತಿ ಅಂಟಿಸಿಕೊಂಡು ಏನೋ ಓದುತ್ತಾ ಕೂತಿದ್ದರು. ಚಹಾ ತರಿಸಿದರು. ‘ಕ್ಷಮಿಸ್ರಿ ಸಾಹೇಬ್ರ,’ ಅಂದೆ.

‘ನನ್ನ ಹತ್ರ ಯಾಕೆ ಮೇಡಂ? ನನ್ನ ಎರಡು ಕಾಲೂ ಇವೆ. ಕೆ.ಆರ್. ಪುರಕ್ಕೆ ಹೋಗಿದ್ರಾ?’

‘ಇಲ್ಲ. ಮುಖ ತೋರಿಸ್ಲಿಕ್ಕೆ ಆಗವಲ್ದು.’

‘ಅರೆ, ನಿಮ್ಮ ಮುಖ ಅವರು ಗೋಡೆ ಮೇಲೇ ನೋಡಿದಾರೆ. ಅದರಲ್ಲೇನು ನಾಚಿಕೆ?’ ಅಂದರು. ನಗಲಿಲ್ಲ. ಚಹಾ ಮುಗಿಸಿ ಎದ್ದೆ. ಅದೇ ಅವರನ್ನು ಕೊನೆಯ ಸಲ ನೋಡಿದ್ದು. ಆಮೇಲೂ ನಾನು ಕೆ.ಆರ್. ಪುರಕ್ಕೆ ಹೋಗಲಿಲ್ಲ. ಹೊಸ ಕೆಲಸ, ಮಗಳ ಸ್ಕೂಲು ಅಂತ ನೆವ ಹೇಳಿಕೊಂಡು ಐದಾರು ವರ್ಷ ಕಳೆದೆ.

ಒಂದು ಮಧ್ಯಾಹ್ನ ಮನೆಗೆ ಫೋನು ಬಂತು. ಚನ್ನಪ್ಪ ಮೇಷ್ಟ್ರು. ‘ಸಾಹೇಬ್ರು ತೀರಿಕೊಂಡ್ರಮ್ಮ, ಹೋದ ವಾರ. ನಿಮಗೆ ಗೊತ್ತಾಯ್ತಾ?’

ಗೊತ್ತಿರಲಿಲ್ಲ. ಮೇಷ್ಟ್ರಿಗೆ ಅವರ ಪರಿಚಯ ಇನ್ನೂ ಇದೆ ಅನ್ನುವುದೂ ಗೊತ್ತಿರಲಿಲ್ಲ. ಗೌರಮ್ಮನ ಕಣ್ಣು ಮಂಜಾಗುತ್ತಾ ಬಂದು ಓದುವುದು ನಿಂತುಹೋದ ಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಸಾಹೇಬರು ಬಸ್ಸು ಹತ್ತಿ ಬರುತ್ತಿದ್ದರಂತೆ, ಎರಡು ಗಂಟೆ ಕೂತು ಓದಿ ಹೇಳುತ್ತಿದ್ದರಂತೆ. ‘ನನಗೂ ಅಕ್ಷರ ಕಾಣಲ್ಲಮ್ಮ ಈಗ. ಸಾಹೇಬ್ರು, ನಾನು ಬರೋಕಾಗದಿದ್ರೆ ಇವರಿಗೆ ಹೇಳಿ, ಚೆನ್ನಾಗಿ ಓದ್ತಾರೆ ಅಂತ ನಿಮ್ಮ ಮನೆ ನಂಬರು ಬರೆದುಕೊಟ್ಟಿದ್ರು.’

ಯಾವ ಪುಸ್ತಕವನ್ನೂ, ಸಿನಿಮಾವನ್ನೂ ಸುಮ್ಮನೆ ಚೆನ್ನಾಗಿದೆ ಅನ್ನದ ಬಾಯಿ ಅದು.

ಶುಕ್ರವಾರ ಹೋದೆ. ಗೌರಮ್ಮ ಅದೇ ಮಂಚದ ಮೇಲಿದ್ದರು. ಪುಸ್ತಕ ದಿಂಬಿನ ಪಕ್ಕದಲ್ಲಿತ್ತು, ನಡುವೆ ಒಂದು ಬಸ್ ಟಿಕೆಟ್ಟು ಇಟ್ಟಿತ್ತು. ಯಾರು ಬಂದದ್ದು ಅಂತ ಮೇಷ್ಟ್ರು ಹೇಳಿದರು. ಆಕೆ ತಲೆಯಾಡಿಸಿದರು, ಅಷ್ಟೆ. ನಾನು ಕುರ್ಚಿ ಎಳೆದುಕೊಂಡು, ಟಿಕೆಟ್ಟು ಇದ್ದ ಪುಟ ತೆರೆದು ಶುರುಮಾಡಿದೆ. ಎರಡು ಸಾಲು ಆಗಿರಬೇಕು.

‘ನಿಲ್ಲು,’ ಅಂದರು ಗೌರಮ್ಮ. ‘ಇದರ ಹಿಂದಿಂದು ನೀನು ಓದಿದೀಯಾ?’

‘ಇಲ್ಲಮ್ಮ.’

‘ಹಂಗಾದ್ರೆ ಮೊದಲಿಂದ ಓದು. ನಾನು ಇನ್ನೊಂದ್ಸಲ ಕೇಳ್ತೀನಿ.’