ಬ್ರೈಲ್ ಮೇಷ್ಟ್ರ ಹಳೆಯ ಕಂಪ್ಯೂಟರು
ಅಂಧ ಮಕ್ಕಳ ಶಾಲೆಗೆ ಬ್ರೈಲ್ ಪಾಠ ಮುದ್ರಿಸಿಕೊಡುವ ಮೇಷ್ಟ್ರು ಕೂತಲ್ಲಿ ಕೂರುವವರಲ್ಲ. ಅವರ ಹಳೆಯ ಕಂಪ್ಯೂಟರಿಗೆ ಇನ್ನು ಮುಂದೆ ಬೆಂಬಲವಿಲ್ಲವೆಂದು ಕಂಪನಿಯ ಸೂಚನೆ ಬಂದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ. ಹೊಸ ಕಂಪ್ಯೂಟರು ಬ್ರೈಲ್ ಮುದ್ರಿಸುವ ಯಂತ್ರದ ಗುರುತೇ ಹಿಡಿಯುವುದಿಲ್ಲ. ಅದಕ್ಕೇ ಅರ್ಧ ಚಹಾ ಬಿಟ್ಟೆದ್ದು ಹಳೆಯದರ ಬೆನ್ನು ಮುಟ್ಟಿ ಬಿಸಿ ನೋಡುತ್ತಾರೆ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಕಣ್ಣಲ್ಲೇ ಸುಡುತ್ತಾರೆ. "ಸ್ವಲ್ಪ ತಾಳಿ ಮೇಷ್ಟ್ರೇ, ಏನಾದ್ರೂ ದಾರಿ ಸಿಗುತ್ತೆ" ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರೆ, "ನಾನು ತಾಳ್ತೀನಿ ಮೇಡಂ, ಮಕ್ಕಳ ಪರೀಕ್ಷೆ ತಾಳಬೇಕಲ್ಲ" ಎನ್ನುತ್ತಾರೆ. ಮೊನ್ನೆ ಅವರ ಮನೆಗೆ ಹೋದಾಗ ಊಟದ ಮೇಜಿನ ತುಂಬ ದಪ್ಪ ಕಾಗದ ಹರಡಿತ್ತು. ಪರೀಕ್ಷೆಗೆ ಮುಂಚೆ ಕಂಪ್ಯೂಟರು ಕೈಕೊಟ್ಟರೆ ಇರಲಿ ಎಂದು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಗಣಿತದ ಪುಸ್ತಕವನ್ನು ಒಂದೊಂದೇ ಚುಕ್ಕಿ ಚುಚ್ಚಿ ಕೈಯಲ್ಲೇ ಬರೆಯುತ್ತಿದ್ದರು. ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಅದು ಮೊದಲನೆಯ ಪ್ರತಿ.