ಶಾಲು ಹೊದ್ದ ಹಾಡುಗಳು

ನಮ್ಮ ಸಿಂಧನೂರಿನ ಬಿಸಿಲಿನಲ್ಲಿ ಶಾಲಿನಷ್ಟು ನಿರುಪಯುಕ್ತ ವಸ್ತು ಇನ್ನೊಂದಿಲ್ಲ. ಆದರೂ ನನ್ನ ಕಪಾಟಿನಲ್ಲಿ ಅಂಗಿಗಳಿಗಿಂತ ಶಾಲುಗಳೇ ಹೆಚ್ಚು. ಹೊದ್ದರೆ ಬೆವರು, ಹಾಸಿದರೆ ಜಾರಿಕೆ, ಯಾರಿಗಾದರೂ ದಾಟಿಸೋಣವೆಂದರೆ ಅವರ ಮನೆಯಲ್ಲೂ ಇದೇ ಸಮೃದ್ಧಿ. ಇತ್ತೀಚಿನ ಶಾಲು ನನ್ನ ಹೆಗಲೇರಿದ್ದು ಸಂಗೀತದ ದೆಸೆಯಿಂದ. ಸಂಗೀತಕ್ಕೂ ನನಗೂ ಎಣ್ಣೆ-ಸೀಗೇಕಾಯಿಯ ಸಂಬಂಧವೆಂದು ಬಲ್ಲವರು ದಯವಿಟ್ಟು ನಗಬಾರದು.

ನನ್ನ ಅಕ್ಕನ ಮಗ ಶರಣ, ಲಿಂಗಸುಗೂರಿನ ಒಬ್ಬ ಗಿಟಾರಿನವನನ್ನೂ ಮಸ್ಕಿಯ ಒಬ್ಬ ಡ್ರಮ್ಮಿನವನನ್ನೂ ಕಟ್ಟಿಕೊಂಡು ನಮ್ಮ ಎಡದಂಡೆ ಕಾಲುವೆಯ ಹೆಸರಿನಲ್ಲಿ ‘ಎಡದಂಡೆ’ ಎಂಬ ರಾಕ್ ತಂಡ ಮಾಡಿದ್ದಾನೆ. ಖಾಲಿ ಬಿದ್ದ ಗೊಬ್ಬರದ ಗೋದಾಮಿನಲ್ಲಿ, ಯಾವ ಕಂಪನಿಯ ಹಂಗೂ ಇಲ್ಲದೆ, ತಾವೇ ಬರೆದು ತಾವೇ ಹಾಡಿ ಹೊರತಂದ ಅವರ ಚೊಚ್ಚಲ ಆಲ್ಬಮ್ಮಿಗೆ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಯ ಹೆಸರು: ‘ತೂಬು’.

ಬಿಡುಗಡೆ ಕಲ್ಯಾಣಮಂಟಪದಲ್ಲಾಯಿತು. ಗಣ್ಯರು ಮಾತಾಡಿ, ಪರಸ್ಪರ ಶಾಲು ಹೊದಿಸಿ, ಸೋದರಮಾವನೆಂದು ವೇದಿಕೆಗೆ ಕರೆದು ನನಗೂ ಒಂದು ಹೊದಿಸಿ, ಹೊಗಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿ, ಹಾಡುವುದೊಂದು ಬಾಕಿ ಉಳಿಯಿತು. ಈ ಹಾಡುಗಳಲ್ಲಿ ವಚನಗಳ ಸತ್ವವಿದೆ ಎಂದರು ಒಬ್ಬ ಮಹನೀಯರು. ತತ್ವಪದಗಳ ಘಮವಿದೆ ಎಂದರು ಇನ್ನೊಬ್ಬರು. ಯಾರೂ ಆಲಿಸಿರಲಿಲ್ಲವಾದ್ದರಿಂದ ಭಿನ್ನಾಭಿಪ್ರಾಯಕ್ಕೆ ಆಸ್ಪದವೇ ಇರಲಿಲ್ಲ. ನಾನು ಒಂದೂವರೆ ಹಾಡು ಕೇಳಿ, ಗಿಟಾರು ಅಕ್ಕಿ ಗಿರಣಿಯಂತೆ ಅರಚಿದಾಗ ಬಂದ್ ಮಾಡಿದ್ದೆ. ಆ ಲೆಕ್ಕದಲ್ಲಿ ವೇದಿಕೆಯ ಮೇಲಿದ್ದ ಏಕೈಕ ವಿದ್ವಾಂಸ ನಾನೇ. ಲಿಂಗಸುಗೂರು, ಮಸ್ಕಿಗಳಲ್ಲೂ ಇದೇ ಶಾಲುಶಾಸ್ತ್ರ ಸಾಂಗವಾಗಿ ನೆರವೇರಿತು.

ವಾಟ್ಸಾಪಿನ ಸಹೃದಯರದು ಇನ್ನೊಂದು ಮಜಲು. ಹಾಡುಗಳನ್ನು ಹಾಕಿ ಅರ್ಧ ನಿಮಿಷವಾಗಿರಲಿಲ್ಲ, ಹೆಬ್ಬೆರಳುಗಳ ಜಾತ್ರೆ ನೆರೆಯಿತು. ಹುಡುಗರು ಕಲೆಯ ಹುಮ್ಮಸ್ಸಿನಲ್ಲಿ ಮುಖಪುಟಕ್ಕೆ ತಮ್ಮದೇ ಕಪ್ಪು-ಬಿಳುಪು ಚಿತ್ರ ಹಾಕಿದ್ದರು. ಒಬ್ಬ ಆತುರಗಾರ ‘ಓಂ ಶಾಂತಿ’ ಎಂದು ಬರೆದ. ಅವನ ಹಿಂದೆ ಇಡೀ ಗುಂಪು ಕೈಮುಗಿದು ಶರಣನ ಆತ್ಮಕ್ಕೆ ಸದ್ಗತಿ ಕೋರಿತು. ನಮ್ಮಲ್ಲಿ ವಿಮರ್ಶೆ ಎಂಬುದು ಇಷ್ಟರಮಟ್ಟಿಗೆ ಸಂಸ್ಕಾರವಂತವಾಗಿದೆ.

ಬದುಕಿದ್ದ ಶರಣ ಮಾತ್ರ ಸೊರಗಿದ. ಒಂದು ಮುಂಜಾನೆ ನಮ್ಮ ಮನೆಗೆ ಬಂದು, ಚಹಾವನ್ನೂ ಮುಟ್ಟದೆ ಹೇಳಿದ:

“ಮಾಮಾ, ಇಷ್ಟು ಮಂದಿ ಶಾಲು ಹಾಕ್ಯಾರ. ಒಂದ ಹಾಡಿನ ಹೆಸರು ಹಿಡದು ಇದು ಚಲೋ ಐತಿ, ಇದು ಕೆಟ್ಟೈತಿ ಅಂದವ್ರು ಒಬ್ಬರೂ ಇಲ್ರಿ. ಸಾಕಾಗೈತಿ. ತಂಡ ಬಂದ್ ಮಾಡ್ತೀವಿ.”

ನಾನಾದರೂ ಒಂದು ಹೆಸರು ಹೇಳಬಹುದಿತ್ತು, ಗೊತ್ತಿದ್ದರೆ ತಾನೇ. ನನಗೆ ಬಹಳ ಕೆಡುಕೆನಿಸಿತು. ಮಾತು ಮರೆಸಲೆಂದು ಅವನನ್ನು ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಗೊರೇಬಾಳಕ್ಕೆ, ಅವನ ದೊಡ್ಡಪ್ಪ ಅಮರಪ್ಪನ ಗದ್ದೆಗೆ ಹೊರಟೆ.

ಭತ್ತಕ್ಕೆ ಹಾಲು ತುಂಬುವ ಕಾಲ. ತೆನೆಗೆ ಮುತ್ತುವ ಹಕ್ಕಿಗಳನ್ನು ಓಡಿಸಲು ಡಬ್ಬಿ ಬಡಿಯುವುದು ಇಲ್ಲಿಯ ಪದ್ಧತಿ. ಅಮರಪ್ಪ ಡಬ್ಬಿಯ ಬದಲು ಬ್ಯಾಟರಿ ಮೈಕು ಕಟ್ಟಿದ್ದ. ಅದರೊಳಗಿಂದ ಬೆಳಗಿನಿಂದ ಬೈಗಿನತನಕ ಮೊಳಗುತ್ತಿದ್ದುದು ಸಾಕ್ಷಾತ್ ‘ತೂಬು’. ಗಿಟಾರು ಅರಚಿದಾಗೆಲ್ಲ ಗುಬ್ಬಿಯ ಹಿಂಡು ಭರ್ರನೆ ಏಳುತ್ತಿತ್ತು. ಮೂರು ತಾಲೂಕುಗಳ ಗಣ್ಯರಿಗೆ ದಕ್ಕದ ಆಲ್ಬಮ್ಮಿಗೆ ಕಡೆಗೂ ಒಂದು ಕಸುಬು ಸಿಕ್ಕಿತೆಂದು ನನಗೆ ನಗು; ಶರಣ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಅಮರಪ್ಪ ಬದುವಿನ ಮೇಲೆ ಬಂದು ತಕರಾರು ತೆಗೆದ.

“ಎಲ್ಲಾ ಬರೋಬ್ಬರಿ ಅದಾವಪಾ. ಆ ಕೊನೀ ತೂಬಿನ್ಯಾಗ ನೀರು ಬರೂದು ಕಾಯೋ ಹಾಡೊಂದು ತೆಗದು ಹಾಕು. ಅದು ಬಂತಂದ್ರ ಹಕ್ಕಿ ಏಳಂಗಿಲ್ಲ. ಬಾಜು ಗದ್ದ್ಯಾಗಿನ ಆಳೂ ಕೆಲಸ ಬಿಟ್ಟು ನಿಂದರ್ತಾವ. ನನಗೂ ಹಕ್ಕಿ ಓಡಸಬೇಕು ಅನ್ನೋದ ನೆನಪಿರಂಗಿಲ್ಲ.”

ಶರಣ ತಲೆಯೆತ್ತಿದ. ಅವನು ದೊಡ್ಡಪ್ಪನನ್ನು ಇನ್ನೊಮ್ಮೆ ಹೇಳೆಂದು ಕೇಳಿದ. ಅಮರಪ್ಪ ಸಿಟ್ಟಿನಿಂದಲೇ ಇನ್ನೊಮ್ಮೆ ಹೇಳಿದ. ಹುಡುಗ ಅಲ್ಲಿಂದಲೇ ಮಸ್ಕಿಯ ಡ್ರಮ್ಮಿನವನಿಗೆ ಫೋನು ಹಚ್ಚಿ, ಸಂಜೆ ಗೋದಾಮಿನ ಬಾಗಿಲು ತೆಗೆದಿಡಲು ಹೇಳಿದ.

ಆ ಹಾಡು ಬರುವವರೆಗೆ ನಾನು ಬದುವಿನ ಮೇಲೆ ಕೂತೆ. ಬಂತು. ಹಕ್ಕಿಗಳು ಕೂತೇ ಇದ್ದವು, ನಾನೂ ಏಳಲಿಲ್ಲ. ಮರುದಿನ ನನ್ನ ಶಾಲನ್ನು ಅಮರಪ್ಪನಿಗೆ ಒಯ್ದುಕೊಟ್ಟೆ. ಅವನು ಅದನ್ನು ಗದ್ದೆಯ ಬೆದರುಬೊಂಬೆಗೆ ಹೊದಿಸಿದ. ‘ತೂಬು’ ಹೆಸರಿನಲ್ಲಿ ಶಾಲು ಹೊದ್ದವರ ಪೈಕಿ ಆಲ್ಬಮ್ಮನ್ನು ಪೂರ್ತಿ ಕೇಳಿದ್ದು ಆ ಬೊಂಬೆಯೊಂದೇ; ಅದು ಭಾಷಣವನ್ನೂ ಮಾಡಿಲ್ಲ.